ಇಳಕಲ್ಲಿನ ಕುಂಡದಲ್ಲಿ ಹಿಮಾಲಯದ ಮುಳ್ಳುಗಿಡ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆದದ್ದೆಲ್ಲ ಹೀಗೆಯೇ ನಡೆದಿರಲಿಕ್ಕಿಲ್ಲ. ಅವ್ವ ಕೇದಾರಕ್ಕೆ ಹೊರಟ ದಿನ ಹಸಿರು ಸೀರೆ ಉಟ್ಟಿದ್ದಳು ಎಂದು ನನ್ನ ನೆನಪು. ಫೋಟೋದಲ್ಲಿ ನೋಡಿದರೆ ಅದು ನೀಲಿ. ಬಾಗಲಕೋಟೆಯ ಬಸ್ ಸ್ಟ್ಯಾಂಡಿನವರೆಗೆ ನಾನೇ ಹೋಗಿ ಬಿಟ್ಟುಬಂದೆ ಅಂದುಕೊಂಡಿದ್ದೆ. ಆಟೋ ಹತ್ತಿಸಿ ನೀನು ಕಾಲೇಜಿಗೆ ಹೋದೆ ಎಂದು ಅವ್ವ ಹೇಳುತ್ತಾಳೆ. ಇರಬಹುದು. ಇಂಥವುಗಳಲ್ಲಿ ಅವಳ ಮಾತನ್ನೇ ಒಪ್ಪಿಕೊಳ್ಳುತ್ತೇನೆ, ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತಿದೆ.

ಒಂದನ್ನು ಮಾತ್ರ ಒಪ್ಪಿಕೊಳ್ಳಲು ಆಗಿರಲಿಲ್ಲ. ಹೋಗುವ ಮುಂಚೆ ಅವ್ವ ನನ್ನನ್ನು 'ನೀನೂ ಬರ್ತಿಯೇನು' ಎಂದು ಕೇಳಲಿಲ್ಲ. ಕೇಳಿದ್ದೆ ಎನ್ನುತ್ತಾಳೆ ಅವಳು.

"ನೀ ಪೇಪರ್ ತಿದ್ದಾಕತ್ತಿದ್ದಿ. ಬಾಗಲಾಗ ನಿಂತು ಕೇಳ್ದೆ. ಹೂಂ, ನೋಡೂಣು ಅಂದಿ."

ಹೂಂ, ನೋಡೂಣು ಎಂದು ನಾನು ಎಲ್ಲದಕ್ಕೂ ಅನ್ನುತ್ತೇನೆ. ಗ್ಯಾಸ್ ಮುಗಿಯಿತು ಎಂದರೂ ಅನ್ನುತ್ತೇನೆ. ಹಾಗಾಗಿ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ ಎಂದು ಆಣೆ ಮಾಡಲಾರೆ. ಆದರೆ ಬಾಗಿಲಲ್ಲಿ ನಿಂತ ಅವ್ವ ನನಗೆ ನೆನಪಿಲ್ಲ. ಕೇದಾರ, ಹಿಮಾಲಯ, ಬೆಟ್ಟದ ಹುಲ್ಲುಗಾವಲು ಎನ್ನುವ ಶಬ್ದ ಕಿವಿಗೆ ಬಿದ್ದೂ ನಾನು ಉತ್ತರಪತ್ರಿಕೆಯಿಂದ ತಲೆ ಎತ್ತದೇ ಇದ್ದೆ ಎಂದರೆ ನನಗೆ ನಂಬಲು ಆಗುವುದಿಲ್ಲ. ಆ ಬೆಟ್ಟಕ್ಕೆ ಹೋಗಬೇಕೆಂದು ಈ ಮನೆಯಲ್ಲಿ ಬಡಬಡಿಸುತ್ತಿದ್ದವಳು ನಾನೊಬ್ಬಳೇ.

ಯಾಕೆ ಎಂದರೆ ಒಂದು ಗಿಡ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ, ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಪಾಟಿನಲ್ಲಿ ಇಟ್ಟಿದ್ದ ಕೋಣೆಯಲ್ಲಿ ಅದನ್ನು ಮೊದಲು ನೋಡಿದೆ. ಮೊರೀನಾ ಎಂದು ಅದರ ಹೆಸರು. ಮರಗಳು ಬೆಳೆಯುವುದನ್ನು ನಿಲ್ಲಿಸಿದ ಎತ್ತರದಲ್ಲಿ, ಹಿಮ ಕರಗಿದ ಹುಲ್ಲುಗಾವಲಿನಲ್ಲಿ ಏಳುವ ಗಿಡ. ಉದ್ದನೆಯ ಎಲೆ, ಎಲೆಯ ಅಂಚಿಗೆಲ್ಲ ಮುಳ್ಳು. ನಡುವಿನಿಂದ ಒಂದು ಕಾಂಡ ನೆಟ್ಟಗೆ ಎದ್ದು, ಅದರ ಸುತ್ತ ಬಳೆ ತೊಡಿಸಿದ ಹಾಗೆ ಸುತ್ತುಸುತ್ತಾಗಿ ಹೂ. ಹೂವಿನ ಕೆಳಗೂ ಮುಳ್ಳು. ಅರಳುವಾಗ ಬಿಳಿ, ಹುಳ ಬಂದು ಹೋದ ಮೇಲೆ ಗುಲಾಬಿ, ಆಮೇಲೆ ಕಡುಕೆಂಪು; ಒಂದೇ ಕಾಂಡದಲ್ಲಿ ಮೂರೂ ಬಣ್ಣ ಒಟ್ಟಿಗೆ ಇರುತ್ತವೆ ಎಂದು ಓದಿದ್ದೆ. ನನ್ನ ಮುಂದಿದ್ದ ಹಾಳೆಯಲ್ಲಿ ಮಾತ್ರ ಎಲ್ಲವೂ ಆರಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಮುಳ್ಳು ಇನ್ನೂ ಚುಚ್ಚುತ್ತಿತ್ತು, ಬಣ್ಣ ಸತ್ತಿತ್ತು. ಆ ಬಣ್ಣಗಳನ್ನು ಒಮ್ಮೆ ಕಣ್ಣಿಂದ ನೋಡಬೇಕು ಎನ್ನುವುದು ಆಗ ಹುಟ್ಟಿದ ಆಸೆ.

ಆಮೇಲೆ ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ನವನಗರದಲ್ಲಿ ಮನೆ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದಳು. ನಾನು ಮದುವೆಯಾಗಲಿಲ್ಲ, ತಂಗಿ ಆದಳು, ಇಳಕಲ್ಲಿಗೆ ಹೋದಳು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬಾದಾಮಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಗಿಡ ಗುರುತಿಸುವುದನ್ನು ಕಲಿಸುತ್ತೇನೆ. ಅಲ್ಲಿ ಬ್ರಹ್ಮದಂಡಿ ಕಂಡ ಕೂಡಲೇ ಮೊರೀನಾದ ಮಾತು ತೆಗೆಯುತ್ತೇನೆ: 'ಇದೂ ಮುಳ್ಳಿನದೇ, ಆದರೆ ಮೇಲೆ, ಹಿಮದ ಹತ್ತಿರ, ಇನ್ನೊಂದಿದೆ...' ಹುಡುಗಿಯರು ನೀರಿನ ಬಾಟಲಿ ಹಿಡಿದು ತಾಳ್ಮೆಯಿಂದ ಕೇಳುತ್ತಾರೆ. ಮನೆಯಲ್ಲೂ ಅದೇ ಕಥೆ. ಅವ್ವ ಅದಕ್ಕೆ ನನ್ನ ಹೆಸರೇ ಇಟ್ಟಿದ್ದಳು, 'ಈಕಿ ಮುಳ್ಳಿನ ಗಿಡ'. ಯಾರಾದರೂ ನನಗೆ ಗಂಡು ಇದೆ ಎಂದು ಹೇಳಲು ಬಂದರೆ, "ಆಕಿದು ಲಗ್ನ ಆಗ್ಲೇ ಗೊತ್ತಾಗೇತ್ರಿ, ಹಿಮಾಲಯದಾಗ, ಭಾಳ ಮುಳ್ಳಿಂದು" ಎಂದು ನಗುತ್ತಿದ್ದಳು.

ತಂಗಿಯ ಅತ್ತೆ ಮತ್ತು ಅವರ ಭಜನೆಯ ಹೆಂಗಸರು ಇಳಕಲ್ಲಿನಿಂದ ಕೇದಾರಕ್ಕೆ ಹೊರಟರು. ಒಂದಿಷ್ಟು ಜಾಗ ಉಳಿದಿತ್ತಂತೆ. ತಂಗಿ ತಾನೂ ಹೊರಟು ಅವ್ವನನ್ನೂ ಸೇರಿಸಿದಳು. ನನಗೆ ಗೊತ್ತಾದದ್ದು ಮಂಚದ ಮೇಲೆ ಬ್ಯಾಗ್ ಕಂಡಾಗ. ಅಥವಾ ಸ್ವೆಟರ್ ಕೇಳಿದಾಗ. ಯಾವುದು ಮೊದಲೋ ಹೇಳಲಾರೆ. ನನ್ನ ಕಂದು ಸ್ವೆಟರ್ ಕೊಟ್ಟೆ. ಕಾಲುಚೀಲ ತಂದುಕೊಟ್ಟೆ. ಮೊಣಕಾಲಿಗೆ ಹಚ್ಚುವ ಎಣ್ಣೆಯ ಮುಚ್ಚಳ ಸೋರದಂತೆ ರಬ್ಬರ್ ಸುತ್ತಿದೆ. ಎಲ್ಲವನ್ನೂ ಮಾಡಿದೆ ಎಂದು ನೆನಪಿದೆ, ಮತ್ತು ಪ್ರತಿಯೊಂದು ಮಾಡುವಾಗಲೂ ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾಯುತ್ತಿದ್ದೆ ಎನ್ನುವುದೂ ನೆನಪಿದೆ. ಈ ಕಾಯುವಿಕೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದೇ? ಇರಲಿಕ್ಕಿಲ್ಲ. ರಬ್ಬರ್ ಎರಡು ಸಲ ತುಂಡಾಗಿತ್ತು.

ಆ ವಾರವೆಲ್ಲ ಫೋಟೋಗಳು ಬಂದವು. ಗಂಗೆಯಲ್ಲಿ ಕಾಲಿಟ್ಟ ಅವ್ವ. ಕುದುರೆಯ ಮೇಲೆ ಕುಂಚಿಗೆ ಕಟ್ಟಿಕೊಂಡ ಅವ್ವ. ತಂಗಿಯ ಹೆಗಲ ಮೇಲೆ ಕೈ ಹಾಕಿ ಬಾಯ್ತುಂಬ ನಗುವ ಅವ್ವ. ನನ್ನ ಜೊತೆ ಇದ್ದಾಗ ಅವಳು ಹಾಗೆ ನಗುವುದಿಲ್ಲ, ಹಲ್ಲು ಒಂದು ಬಿದ್ದದ್ದು ಕಾಣುತ್ತದೆ ಎಂದು ಬಾಯಿಗೆ ಸೆರಗು ಹಿಡಿಯುತ್ತಾಳೆ. ಅಲ್ಲಿ ಸೆರಗನ್ನು ಗಾಳಿಗೆ ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ನಿಂತಿದ್ದಾಗ ಇನ್ನೊಂದು ಫೋಟೋ ಬಂತು. ಹಸಿರು ಇಳಿಜಾರು, ಹಿಂದೆ ಮಂಜು, ದೂರದಲ್ಲಿ ಕುರಿಗಳು. ಮುಂದೆ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಅವಳ ಮೊಣಕಾಲಿಗೆ ತಾಗುವಂತೆ ಆ ಗಿಡ. ಬಿಳಿ, ಗುಲಾಬಿ, ಕೆಂಪು, ಮೂರೂ. ಅವ್ವನ ಬೆರಳು ಕೆಂಪು ಹೂವಿನ ಮೇಲೆ.

ಕೆಳಗೆ ತಂಗಿ ಬರೆದಿದ್ದಳು: 'ಅಕ್ಕಾ ಇದು ಯಾವ ಗಿಡ? ಅವ್ವ ಇಲ್ಲಿಂದ ಏಳವಲ್ಲಳು.'

ನಾನು ಫೋಟೋವನ್ನು ಎಷ್ಟು ಹಿಗ್ಗಿಸಿದೆನೆಂದರೆ ಕೊನೆಗೆ ಬರೀ ಬಣ್ಣದ ಚೌಕಗಳು ಉಳಿದವು. ತಕ್ಷಣ ಉತ್ತರ ಬರೆಯಲಿಲ್ಲ. ಸಂಜೆಯವರೆಗೂ ಬರೆಯಲಿಲ್ಲ. ಅವರಿಗೆ ಹೆಸರು ಗೊತ್ತಿಲ್ಲ, ನನಗೆ ಗೊತ್ತಿದೆ. ಅಷ್ಟು ಹೊತ್ತು ಅದು ನನ್ನ ಹತ್ತಿರವಾದರೂ ಇರಲಿ ಅನ್ನಿಸಿತು. ಕಡೆಗೆ ಹೆಸರು ಕಳಿಸಿದೆ. ಒಂದು ಗಳಿಗೆಯಲ್ಲಿ ತಂಗಿಯ ಸ್ಟೇಟಸ್ಸಿನಲ್ಲಿ ಅದೇ ಫೋಟೋ ಬಂತು, ನಾನು ಕೊಟ್ಟ ಹೆಸರು, ಮುಂದೆ ಕೆಂಪು ಹೃದಯಗಳು. ಅವಳ ಗಂಡನ ಸೀರೆ ಅಂಗಡಿಯ ಗಿರಾಕಿಗಳೆಲ್ಲ ಚಪ್ಪಾಳೆ ತಟ್ಟಿದರಂತೆ. ಪಿಯುಸಿಯಲ್ಲಿ ಜೀವಶಾಸ್ತ್ರದ ಚಿತ್ರಗಳನ್ನೆಲ್ಲ ನನ್ನಿಂದ ಬರೆಸಿಕೊಂಡ ಹುಡುಗಿ ಅವಳು.

ಇದನ್ನು ಬರೆಯುವಾಗ ನನಗೇ ನಗು ಬರುತ್ತದೆ, ಆದರೆ ಅವತ್ತು ಬಂದಿರಲಿಲ್ಲ.

ವಾಪಸಾದಾಗ ಅವ್ವ ನೇರ ನನ್ನ ಹತ್ತಿರ ಬರಲಿಲ್ಲ, ಇಳಕಲ್ಲಿನಲ್ಲಿ ಇಳಿದು ಅಲ್ಲೇ ಕೆಲವು ದಿನ ಉಳಿದಳು. ಬೆಟ್ಟದಲ್ಲಿ ಅದರ ಪಕ್ಕದ್ದೇ ಇನ್ನೊಂದು ಗಿಡದ ಒಣಗಿದ ಹೂಗೊಂಚಲಿನಿಂದ ಬೀಜ ಕೊಡವಿಕೊಂಡು ಸೆರಗಿಗೆ ಗಂಟು ಹಾಕಿ ತಂದಿದ್ದಳು. ಆ ಗಂಟು ಬಿಚ್ಚಿದ್ದು ತಂಗಿಯ ಮನೆಯಲ್ಲಿ. ನನಗೆ ಬಂದದ್ದು ಗಂಗೆಯ ನೀರು, ಒಂದು ರುದ್ರಾಕ್ಷಿ, ಮತ್ತು ಹೊಗೆ ವಾಸನೆಯ ನನ್ನ ಸ್ವೆಟರ್.

"ನನಗ ಒಂದೆರಡು ಬೀಜ ಇಡಬಾರದೇನು?" ಎಂದು ಕೇಳಿದೆ, ಆದಷ್ಟು ಹಗುರವಾಗಿ.

"ನೀ ಅದನ್ನ ಹಾಳೀಗೆ ಅಂಟಸ್ತಿದ್ದಿ" ಎಂದಳು ಅವ್ವ. "ಆಕಿ ನೆಟ್ಟಾಳ."

ಹೇಗೆ ನೆಟ್ಟರು ಎಂದೂ ಹೇಳಿದಳು. ಅವ್ವನ ತವರು ಹುನಗುಂದದ ಆಚೆಯ ಹಳ್ಳಿ. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಈಗಲೂ ಸುತ್ತಿನ ರೈತರು ಬಿತ್ತನೆಗೆ ಮುಂಚೆ ಇವರ ಕುರಿಗಳನ್ನು ಹೊಲದಲ್ಲಿ ತರುಬಿಸುತ್ತಾರೆ, ಅಂದರೆ ರಾತ್ರಿಯಿಡೀ ಹಿಂಡನ್ನು ಅಲ್ಲಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುತ್ತಾರೆ. ಕುರಿದೊಡ್ಡಿಯ ಮಣ್ಣಿಗಿಂತ ದೊಡ್ಡ ಮಣ್ಣು ಇನ್ನೊಂದಿಲ್ಲ ಎನ್ನುವುದು ನಮ್ಮ ಮನೆಯವರ ನಂಬಿಕೆ. ಮದುಮಕ್ಕಳು ಹೊಸ ಮನೆ ಹೂಡಿದರೆ ತುಳಸಿಗೆ ಕೂಡ ಅದನ್ನೇ ತಂದು ಹಾಕುತ್ತಾರೆ. ಹಾಗಾಗಿ ತಂಗಿ ಅವ್ವನ ತವರಿನಿಂದ ಒಂದು ಚೀಲ ದೊಡ್ಡಿಯ ಮಣ್ಣು ತರಿಸಿ, ದೊಡ್ಡ ಕುಂಡಕ್ಕೆ ತುಂಬಿ, ಬೀಜ ಹಾಕಿದಳು. ಅವ್ವ ಮೇಲೊಂದು ಚಿಟಿಕೆ ಬೀರಪ್ಪನ ಭಂಡಾರ ಉದುರಿಸಿದಳು. ಹಿಮದಲ್ಲಿ ಹುಟ್ಟುವ ಗಿಡವನ್ನು ಇಳಕಲ್ಲಿನ ಬಿಸಿಲಿಗೆ, ಅರಿಶಿನದ ಪುಡಿಯ ಆಶೀರ್ವಾದದಲ್ಲಿ!

ಬರುವುದಿಲ್ಲ ಎಂದುಕೊಂಡೆ. ಬರಬಾರದು ಎಂದೂ ಅಂದುಕೊಂಡೆ.

ದಸರೆಯ ಹೊತ್ತಿಗೆ ಮೊಳಕೆ ಬಂತು. ತಂಗಿ ವೀಡಿಯೋ ಕಳಿಸಿದಳು; ಎರಡೇ ಎಲೆ, ಯಾವ ಗಿಡವೆಂದು ಗುರುತಿಸಲು ಬರುತ್ತಿರಲಿಲ್ಲ. ಎಲೆಯ ಅಂಚಿಗೆ ಮುಳ್ಳು ಬಂದ ದಿನ ಫೋನ್ ಮಾಡಿ, "ಅಕ್ಕಾ, ಚುಚ್ತು! ಖರೇನ ಚುಚ್ತು!" ಎಂದು ಕಿರುಚಿದಳು. ಆ ಕಡೆ ಅವ್ವನ ಧ್ವನಿಯೂ ಕೇಳಿಸುತ್ತಿತ್ತು. ಏನಾದರೊಂದು ನೆಪ ಮಾಡಿಕೊಂಡು ಅವಳು ಪದೇಪದೇ ಇಳಕಲ್ಲಿಗೆ ಹೋಗತೊಡಗಿದ್ದಳು. ನನ್ನ ಅಡುಗೆಮನೆಯಲ್ಲಿ ಅವಳ ರೊಟ್ಟಿ ಬಡಿಯುವ ಸದ್ದಿಲ್ಲದ ಮುಂಜಾನೆಗಳು ಹೆಚ್ಚಾದವು. ಒಂದು ಕುಂಡದ ಮೇಲೆ ಮನುಷ್ಯರಿಗೆ ಇಷ್ಟು ಹೊಟ್ಟೆಕಿಚ್ಚು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಬರುತ್ತದೆ ಎನ್ನುತ್ತೇನೆ.

ಸಂಕ್ರಾಂತಿ ಮುಗಿದ ಮೇಲಿನ ರವಿವಾರ ಅವ್ವನನ್ನು ಕರೆತರಲು ಇಳಕಲ್ಲಿಗೆ ಹೋದೆ. ತಂಗಿಯ ಮನೆಯ ಮುಂಭಾಗವೇ ಅಂಗಡಿ. ಒಳಗೆ ಗಾದಿಯ ಮೇಲೆ ಸೀರೆ ಹರಡಿತ್ತು, ಅತ್ತೆ ಗಿರಾಕಿಗಳ ಜೊತೆ ಇದ್ದರು. ಕುಂಡ ಹೊರಗಿನ ಕಟ್ಟೆಯ ಮೇಲಿತ್ತು, ಎಲ್ಲರಿಗೂ ಕಾಣುವಂತೆ. ಪಕ್ಕದ ಮನೆಯ ಹೆಂಗಸೊಬ್ಬರು ಅದರ ಮುಂದೆ ನಿಂತು ಕೈಮುಗಿಯುತ್ತಿದ್ದರು.

"ಬರ್ರಿ ಅಕ್ಕೋರ" ಎಂದರು ನನ್ನನ್ನು ನೋಡಿ. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುತ್ತಾರೆ. "ಕೇದಾರದ ಗಿಡ ನೋಡ್ರಿ, ನಿಮ್ಮ ತಂಗಿ ಕೈಗುಣ ಎಂಥಾದ್ದೈತಿ!"

ಗಿಡ ಮೊಣಕಾಲೆತ್ತರ ಬೆಳೆದಿತ್ತು. ಸೀಳು ಸೀಳು ಎಲೆ, ಎಲೆಯ ಕೆಳಗೆ ಬಿಳಿ ನವಿರು, ತುದಿಯಲ್ಲಿ ಮುಳ್ಳಿನ ದುಂಡನೆಯ ಚೆಂಡು, ಅದರಲ್ಲಿ ಆಗ ತಾನೇ ಬಿಡುತ್ತಿದ್ದ ಮಾಸಲು ನೀಲಿಯ ಹೂ. ಬ್ರಹ್ಮದಂಡಿ. ಬಾದಾಮಿಯ ಗುಡ್ಡದಲ್ಲಿ, ಶಿರೂರಿನ ಬೀಳು ಹೊಲಗಳಲ್ಲಿ, ರಸ್ತೆಯ ಎರಡೂ ಬದಿಗೆ, ಯಾರೂ ಬಿತ್ತದೆ ಬೆಳೆಯುವ ಬ್ರಹ್ಮದಂಡಿ. ಅದರ ಬೀಜ ಕುರಿಯ ಉಣ್ಣೆಗೆ ಅಂಟಿಕೊಂಡು ದೊಡ್ಡಿಗೆ ಬರುತ್ತದೆ, ಅಲ್ಲೇ ಉದುರುತ್ತದೆ. ತವರಿನ ಆ ಒಳ್ಳೆಯ ಮಣ್ಣಿನ ಜೊತೆ ಚೀಲದಲ್ಲಿ ಕೂತು ಬಂದಿತ್ತು. ಹಿಮಾಲಯದ ಬೀಜ ಮಣ್ಣಿನೊಳಗೆ ಯಾವಾಗಲೋ ಕೊಳೆತುಹೋಗಿರಬೇಕು.

ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಹಸಿದವರಿಗೆ ಎಲೆ ಹಾಕಿದಷ್ಟು. ಆ ಹೆಂಗಸು ಹೋಗುವವರೆಗೆ ಕಾದೆ. ಕಾದೆ ಎಂದು ನನ್ನ ನೆನಪು. ಅವರ ಮುಂದೆಯೇ ಹೇಳಿದೆ ಎನ್ನುತ್ತಾಳೆ ತಂಗಿ.

"ಇದು ಕೇದಾರದ್ದಲ್ಲ" ಎಂದೆ. "ಬ್ರಹ್ಮದಂಡಿ. ದೊಡ್ಡಿ ಮಣ್ಣಿನಾಗ ಬಂದೈತಿ."

ತಂಗಿ ನಗುತ್ತಲೇ ಇದ್ದಳು. "ಏ ಹೋಗಕ್ಕಾ. ನಾನ ಬೀಜ ಹಾಕೀನಿ."

"ಹೂ ನೋಡು. ಫೋಟೋದಾಗ ಹಿಂಗಿತ್ತೇನು? ಬಿಳೇದು, ಗುಲಾಬಿ, ಕೆಂಪು ಎಲ್ಲಿ ಐತಿ ಇದರಾಗ? ಎಲಿ ನೋಡು, ಅದರದು ಸೀಳಿರಂಗಿಲ್ಲ. ಕಾಂಡದ ಸುತ್ತ..."

"ಇರವಲ್ದ್ಯಾಕ ಬಿಡು" ಎಂದಳು ಅವ್ವ. ಕೊಡ ಬಗ್ಗಿಸಿ ಕುಂಡಕ್ಕೆ ನೀರು ಹಾಕುತ್ತಿದ್ದವಳು ನಿಲ್ಲಿಸಲಿಲ್ಲ. "ಇಷ್ಟ ದಿನ ನೀರ ಹಾಕೀನಿ. ಇನ್ನ ಕಿತ್ತ ಒಗೀಲೇನು?"

"ಕೀಳಂತ ಯಾರಂದ್ರು? ಖರೇದು ಏನಂತ ಹೇಳಬಾರದೇನು?"

"ಹೇಳಿದೆಲ್ಲಾ. ಆತು. ಚಾ ಕುಡಿ."

ಅವರಿಬ್ಬರ ಮುಖ ಸಣ್ಣದಾಗಬೇಕಿತ್ತು. ಅವ್ವನದಂತೂ ಆಗಲಿಲ್ಲ. ಉಳಿದ ನೀರನ್ನು ಅಂಗೈಗೆ ಸುರಿದುಕೊಂಡು ಎಲೆಗಳಿಗೂ ಚಿಮುಕಿಸಿ, ಚುಚ್ಚಿಸಿಕೊಂಡು, "ಹಾ!" ಎಂದು ಬೆರಳು ಚೀಪಿದಳು. ಮುಖ ಸಣ್ಣ ಮಾಡಿಕೊಂಡವಳು ತಂಗಿ. ಅಡುಗೆಮನೆಯಲ್ಲಿ ಚಹಾ ಸೋಸುವಾಗ ಅವಳ ಕೈ ಒರಟಾಗಿತ್ತು. ಅವ್ವ ಹೊರಗೆ ಕಟ್ಟೆಯ ಮೇಲೇ ಇದ್ದಳು.

"ಎಲ್ಲಾರ ಮುಂದ ನನ್ನ ಹುಚ್ಚಿ ಮಾಡಿದಿ" ಎಂದಳು ತಂಗಿ.

"ನಿನಗ ನೀನ ಮಾಡ್ಕೊಂಡಿ. ಒಂದ ಮಾತು ನನ್ನ ಕೇಳಿದ್ದಿ? ಹಿಮದಾಗಿನ ಬೀಜ ಹೆಂಗ ಬಿತ್ತೂದು ಅಂತ? ಕೇದಾರಕ್ಕ ಹೋಗೂವಾಗರೆ ಕೇಳಿದ್ದಿ? ಆ ಗಿಡಾ ನೋಡಬೇಕಂತ ನಾ ಎಷ್ಟ ವರ್ಷದಿಂದ..."

"ಕೇಳೂನು ಅಂದಿದ್ದೆ." ಅವಳು ಬೋಗುಣಿಯನ್ನು ಕೆಳಗೆ ಕುಕ್ಕಿದಳು. "ಅವ್ವಗ ಫೋನ್ ಮಾಡಿದಾಗ ಮೊದಲ ಅದನ್ನ ಅಂದೆ. ಅಕ್ಕನ್ನೂ ಕರಿಯೋಣು, ಆಕಿಗೆ ಗುಡ್ಡದ ಹುಚ್ಚೈತಿ ಅಂತ. ಅವ್ವನ ಬ್ಯಾಡಂದ್ಲು."

"ಯಾಕ?"

"ಬಿಡು ಅಕ್ಕಾ."

"ಯಾಕಂದ್ಲು ಹೇಳು."

ತಂಗಿ ನನ್ನ ಕಡೆ ನೋಡದೆ ಹೇಳಿದಳು. "ಆಕಿ ಬಂದ್ರ ನಮಗ ನೋಡಾಕ ಬಿಡಂಗಿಲ್ಲ, ಬರೇ ಹೇಳ್ತಾಳ ಅಂದ್ಲು. 'ಒಂದ್ಸಲರೆ ನಾ ಸುಮ್ನ ನೋಡ್ತೀನಿ' ಅಂದ್ಲು."

ಈ ಮಾತುಗಳನ್ನು ನಾನು ಬದಲಿಸಿಲ್ಲ. ಬದಲಿಸುವುದಿದ್ದರೆ ಇನ್ನಷ್ಟು ಕೆಟ್ಟದಾಗಿ ಮಾಡುತ್ತಿದ್ದೆ, ಅವ್ವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುವಂತೆ. ಇದರಲ್ಲಿ ಸಿಟ್ಟಿಗೆ ಹಿಡಿ ಸಿಗುವುದಿಲ್ಲ.

ಹಾಗಾದರೆ ಬಾಗಿಲಲ್ಲಿ ನಿಂತು ಕೇಳಿದ್ದೆ ಎನ್ನುವುದು ಅವ್ವ ಆಮೇಲೆ ಕಟ್ಟಿದ್ದು. ಅಥವಾ, ಬೇಡ ಎಂದು ತಂಗಿಗೆ ಹೇಳಿದ ಮೇಲೆ ಮನಸ್ಸು ತಡೆಯದೆ ನಿಜವಾಗಿಯೂ ಬಾಗಿಲಿಗೆ ಬಂದು, ನನಗೆ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಕೇಳಿರಬಹುದು. ಎರಡನ್ನೂ ನಾನು ಊಹಿಸಬಲ್ಲೆ. ನೆನಪು ಎರಡಕ್ಕೂ ಸಾಕ್ಷಿ ಹೇಳಲು ತಯಾರಾಗಿ ನಿಲ್ಲುತ್ತದೆ, ಅದೇ ಅದರ ದೊಡ್ಡ ರೋಗ. ನನ್ನ ಹೊಟ್ಟೆಕಿಚ್ಚು ಮಾತ್ರ ಆ ಅಡುಗೆಮನೆಯಲ್ಲಿ ಜಾಗ ಬದಲಿಸಿತು. ಅಲ್ಲಿಯವರೆಗೆ ಆ ಹುಲ್ಲುಗಾವಲಿನಲ್ಲಿ ಅವ್ವನ ಪಕ್ಕ ನಿಂತದ್ದಕ್ಕೆ ತಂಗಿಯ ಮೇಲೆ ಕಿಚ್ಚಿತ್ತು. ಈಗ ಅವಳಿಗೆ ಸಿಕ್ಕ ಇನ್ನೊಂದು ಕಂಡಿತು: ಗಿಡದ ಹೆಸರು ಗೊತ್ತಿಲ್ಲದೆ, 'ಅವ್ವ ಇಲ್ಲಿಂದ ಏಳವಲ್ಲಳು' ಎಂದು ಬರೆದು, ಅವ್ವ ಏಳುವವರೆಗೆ ಸುಮ್ಮನೆ ಕಾದಿದ್ದಾಳೆ. ನಾನಿದ್ದಿದ್ದರೆ? ಎಲೆಯ ಅಂಚು, ಹೂವಿನ ಸುತ್ತು, ಹುಳ ಬಂದು ಹೋದ ಲೆಕ್ಕ. ಅವ್ವ ಆ ಕೆಂಪು ಹೂವಿಗೆ ಬೆರಳು ಇಡುವ ಮೊದಲೇ ಅದು ಯಾಕೆ ಕೆಂಪು ಎಂದು ಹೇಳಿ ಮುಗಿಸುತ್ತಿದ್ದೆ. ಆ ಫೋಟೋದ ನಗು ಅಲ್ಲಿ ಇರುತ್ತಿತ್ತೇ? ಗೊತ್ತಿಲ್ಲ. ಇರುತ್ತಿತ್ತು ಎಂದು ಒಂದು ದಿನ ಅನ್ನಿಸುತ್ತದೆ, ಮರುದಿನ ಇಲ್ಲ.

ಮಧ್ಯಾಹ್ನ ಅವ್ವ ನನ್ನ ಜೊತೆ ಹೊರಟಳು. ಹುನಗುಂದದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅವ್ವ ಕಿಟಕಿಯ ಕಡೆ, ನಾನು ಈಚೆ. ಹೊರಗೆ ಪೇರಲ ಮಾರುವವಳು ಬುಟ್ಟಿ ಎತ್ತಿ ತೋರಿಸುತ್ತಿದ್ದಳು. ಆ ಊರು ಬಂದರೆ ಅವ್ವ ಸಾಮಾನ್ಯವಾಗಿ ತವರಿನ ಮಾತು ತೆಗೆಯುತ್ತಾಳೆ, ಈ ದಾರಿಯಲ್ಲಿ ತನ್ನ ಅಪ್ಪನ ಜೊತೆ ಕುರಿ ಹೊಡೆದುಕೊಂಡು ನಡೆದದ್ದು, ಮಳೆಗೆ ಕಂಬಳಿ ಭಾರವಾದದ್ದು. ಅವತ್ತು ಮಾತ್ರ, ಬೆರಳಿನಲ್ಲಿ ಮುಳ್ಳು ಮುರಿದು ಉಳಿದಿತ್ತೇನೋ, ಉಗುರಿನಿಂದ ಕೆದಕುತ್ತಿದ್ದಳು. ತಂಗಿ ನನಗೆ ಹೇಳಿದ್ದಾಳೆ ಎಂದು ಅವಳಿಗೆ ಗೊತ್ತಿತ್ತೇ? ಅಡುಗೆಮನೆಗೂ ಕಟ್ಟೆಗೂ ನಡುವೆ ಒಂದೇ ಗೋಡೆ.

ಕೇಳಬಾರದು ಎಂದುಕೊಂಡಿದ್ದೆ. ಡ್ರೈವರ್ ಹತ್ತಿದ, ಎಂಜಿನ್ ಶುರುವಾಯಿತು, ಆ ಸದ್ದಿನಲ್ಲಿ ಕೇಳಿದರೆ ಕೇಳಿಸಲಿಲ್ಲ ಎನ್ನಲು ಅವಳಿಗೂ ಒಂದು ದಾರಿ ಇರುತ್ತದೆ ಅನ್ನಿಸಿತು. ಆದರೂ ಅವಳ ಕಿವಿಯ ಹತ್ತಿರ ಬಗ್ಗಿದೆ. ಅವಳು ಬೆರಳು ಕೆದಕುವುದನ್ನು ನಿಲ್ಲಿಸಿದಳು, ಅಂದರೆ ಕೇಳಿಸಿತು. ಪೇರಲದವಳ ಕಡೆಯೇ ನೋಡುತ್ತಿದ್ದಳು, ಬಸ್ಸು ತಿರುಗಿ ಅವಳು ಕಾಣದಂತಾದ ಮೇಲೂ ಅದೇ ಕಡೆ. ಅಮೀನಗಡ ದಾಟಿತು, ಮನೆ ಬಂತು, ಯುಗಾದಿ ಬಂದು ಹೋಯಿತು. ಬೇರೆಲ್ಲ ಮಾತಾಡಿದ್ದೇವೆ, ಅವತ್ತು ಬಸ್ಸಿನಲ್ಲಿ ನಾನು ಕೇಳಿದ್ದೊಂದನ್ನು ಬಿಟ್ಟು:

"ಅವ್ವಾ, ನಾ ಬಾಯಿ ಮುಚ್ಕೊಂಡು ಬರ್ತೇನಿ ಅಂದಿದ್ರ, ನನ್ನ ಕರ್ಕೊಂಡು ಹೋಗ್ತಿದ್ದಿಯೇನು?"